ಮಧ್ಯಾಹ್ನ ಮೂರಕ್ಕ ತಲಿ ಮಂಕಾಗ್ತದ: ಕುರ್ಚಿ ಕೆಲಸದವರಿಗೆ ವ್ಯಾಯಾಮ ಯಾವಾಗ, ಎಷ್ಟು?

ಲೆಕ್ಕಪತ್ರ_ಕಲಬುರಗಿ ಕೇಳಿದ್ದು:

ನಮ್ಮ ಆಫೀಸಿನಾಗ ಎಲ್ಲಾರದೂ ಕಂಪ್ಯೂಟರ್ ಮುಂದ ಕೂತು ಮಾಡೋ ಕೆಲಸ. ಮುಂಜಾನಿ ಫೈಲು ಸರಸರ ಸಾಗ್ತಾವ. ಊಟ ಆದಮ್ಯಾಲ, ಎರಡೂವರಿಯಿಂದ ನಾಲ್ಕರ ತನಕ, ಎಂಟ್ರಿ ತಪ್ಪಾಗ್ತದ, ಒಂದೇ ಸಾಲು ಎರಡೆರಡು ಸಲ ಓದಬೇಕಾಗ್ತದ, ಸಣ್ಣ ಮಾತಿಗೂ ಸಿಡಿಮಿಡಿ. ಚಹಾ ಕುಡದ್ರ ಸ್ವಲ್ಪ ಹೊತ್ತು ನಡೀತದ, ಮತ್ತ ಅದೇ ಹಾಡು. ವ್ಯಾಯಾಮ ಮಾಡಿದ್ರ ಕೆಲಸದಾಗೂ ಮನಸ್ಸಿನಾಗೂ ಫರಕ್ ಬೀಳ್ತದ ಅಂತಾರ. ಎಷ್ಟು, ಯಾವ ಹೊತ್ತಿನಾಗ, ಯಾವ ಥರದ್ದು ಅಂತ ಬಿಡಿಸಿ ಹೇಳ್ರಿ. ಏಪ್ರಿಲ್-ಮೇದಾಗ 42-43 ಡಿಗ್ರಿ ಬಿಸಿಲು, ಅವಾಗ ಹ್ಯಾಂಗ ಅನ್ನೋದೂ ಬೇಕು.

ಫಿಸಿಯೋ_ಬೀದರ್:

ಆ ಮಂಕಿಗೆ ಎರಡು ಕಾರಣ. ಮಧ್ಯಾಹ್ನ ದೇಹದ ಗಡಿಯಾರವೇ ಎಚ್ಚರವನ್ನು ಒಂದಿಷ್ಟು ಇಳಿಸುತ್ತದೆ, ಊಟ ಬಿಟ್ಟರೂ ಇದು ತಪ್ಪುವುದಿಲ್ಲ. ಅದರ ಮೇಲೆ ರೊಟ್ಟಿ, ಅನ್ನ ಉಂಡು ನೇರ ಕುರ್ಚಿಗೆ ಬಂದರೆ ರಕ್ತದ ಸಕ್ಕರೆ ಸರ್ರನೆ ಏರುತ್ತದೆ. ಅದನ್ನು ಎಳೆದುಕೊಳ್ಳಬೇಕಾದ ತೊಡೆಯ ದೊಡ್ಡ ಸ್ನಾಯುಗಳು ಆಗ ಸುಮ್ಮನೆ ಕೂತಿರುತ್ತವೆ. ಗಡಿಯಾರ ನಮ್ಮ ಕೈಯಲ್ಲಿಲ್ಲ, ಸ್ನಾಯು ಇದೆ. ಹಾಗಾಗಿ ಜಿಮ್ಮಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಶುರು ಮಾಡಿ: ಊಟ ಮುಗಿಸಿ ಕೈ ತೊಳೆದ ಕೂಡಲೇ 10-15 ನಿಮಿಷ ಸಾಧಾರಣ ವೇಗದ ನಡಿಗೆ. ಆಮೇಲೆ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಎದ್ದು ಎರಡು-ಮೂರು ನಿಮಿಷ ಓಡಾಟ. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ, ನೆನಪಿನ ಮೇಲೆ ಬಿಟ್ಟರೆ ಆಗುವುದಿಲ್ಲ.

ಬೆಳಗಿನದು ಬೇರೆ ಲೆಕ್ಕ. 25-30 ನಿಮಿಷ ಬಿರುಸು ನಡಿಗೆ ಅಥವಾ ಸೈಕಲ್. ಬಿರುಸು ಅಂದರೆ ಪಕ್ಕದವರ ಜೊತೆ ಮಾತಾಡಬಹುದು, ಹಾಡು ಹೇಳಲು ಉಸಿರು ಸಾಲಬಾರದು. ಇಷ್ಟಾದ ಮೇಲೆ ಸುಮಾರು ಒಂದು ಗಂಟೆ ಗಮನ ಚುರುಕಾಗಿರುತ್ತದೆ. ಪವಾಡವೇನಲ್ಲ, ಆದರೆ ಸಿಗುವಂಥದ್ದು. ತಾಳೆ ನೋಡುವ, ಕರಡು ಬರೆಯುವ ಕಷ್ಟದ ಕೆಲಸವನ್ನು ಆ ಹೊತ್ತಿಗೇ ಇಟ್ಟುಕೊಂಡು, ಸೀಲು ಹಾಕುವ, ಫೈಲು ಜೋಡಿಸುವ ಕೆಲಸವನ್ನು ಮೂರು ಗಂಟೆಗೆ ಬಿಡಿ.

ಮನಸ್ಸಿನ ವಿಷಯಕ್ಕೆ ಬಂದರೆ, ಹಗುರಾಗುವುದು ಅದೇ ದಿನ ಗೊತ್ತಾಗುತ್ತದೆ, 10-15 ನಿಮಿಷದ ನಡಿಗೆಯೂ ಸಾಕು. ನಿದ್ದೆ ಸುಧಾರಿಸುವುದಕ್ಕೆ, ಆತಂಕ ಇಳಿಯುವುದಕ್ಕೆ ವಾರಗಳು ಬೇಕು, ಅದೂ ಬಿಡದೆ ಮಾಡಿದರೆ. ಎರಡು ವಾರ ದಾಟಿಯೂ ಏನೂ ಬೇಡ ಅನ್ನಿಸುತ್ತಿದ್ದರೆ ನಡಿಗೆಯೊಂದನ್ನೇ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲದ ವ್ಯಾಯಾಮ. ಕೆಡುವುದು ಎಲ್ಲಿ ಅಂದರೆ, ಮೊದಲ ದಿನವೇ ಒಂದು ಗಂಟೆ ಓಡುತ್ತಾರೆ. ಸ್ನಾಯು ನೋವು 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ, ಮೂರನೇ ದಿನ ಕುರ್ಚಿಯಿಂದ ಏಳಲೂ ಆಗದೆ ಅಲ್ಲಿಗೇ ನಿಲ್ಲಿಸುತ್ತಾರೆ. ಇನ್ನೊಂದು, ರಾತ್ರಿ 12ಕ್ಕೆ ಮಲಗಿ ನಡಿಗೆಗೆಂದು ನಾಲ್ಕೂವರೆಗೆ ಏಳುವುದು. ನಿದ್ದೆ ಕಡಿದು ಮಾಡಿದ ವ್ಯಾಯಾಮದಿಂದ ಮರುದಿನದ ಕೆಲಸ ಇನ್ನೂ ಕೆಡುತ್ತದೆ. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ ಐದರ ಚಹಾವನ್ನೂ ಈ ಲೆಕ್ಕದಲ್ಲಿ ಹಿಡಿಯಿರಿ.

ಬಿಸಿಲೂರು:

ಬ್ಯಾಸಗಿದು ನಾ ಹೇಳ್ತೀನಿ. ಏಪ್ರಿಲ್-ಮೇದಾಗ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಆಫೀಸು ಮುಂಜಾನಿ 8ರಿಂದ 1:30 ಮಾಡ್ತಾರಲ್ರಿ, ಅವಾಗ ಐದೂವರಿಗೆ ಮನಿ ಬಿಟ್ಟು ಆರೂಕಾಲಿಗೆ ವಾಪಸ್ ಬಂದಿರಬೇಕು. ಇಡೀ ದಿನದಾಗ ತಂಪು ಅಂದ್ರ ಅದೊಂದೇ ಹೊತ್ತು. ಸಂಜಿ ಸೂರ್ಯ ಮುಳುಗಿದ್ರೂ ಡಾಂಬರು, ಕಾಂಕ್ರೀಟು ಕಾವು ಉಗುಳ್ತಾನೇ ಇರ್ತಾವ, ಎಂಟರ ತನಕ ರಸ್ತಾದ ಮ್ಯಾಲ ಬಿರುಸು ನಡಿಗಿ ಬ್ಯಾಡ. ಗಿಡ, ಮಣ್ಣು ಇರೋ ಕಡಿ ಹೋಗ್ರಿ, ಪಬ್ಲಿಕ್ ಗಾರ್ಡನ್ ಇಲ್ಲಾ ಅಪ್ಪನ ಕೆರಿ ದಂಡಿ.

ಬಿಸಿಗೆ ಮೈ ಒಗ್ಗಲಿಕ್ಕ ಒಂದರಿಂದ ಎರಡು ವಾರ ಬೇಕು. ಅದಕ್ಕ ಮಾರ್ಚ್ ಕಡೀಕ ಬಿಸಿಲು ಏರಿದಾಗ ಮೊದಲ ವಾರ ಅರ್ಧ ಹೊತ್ತು, ಅರ್ಧ ಬಿರುಸು. ಹೊರಡೋ ಮುಂಚೆ ಎರಡು ಲೋಟ ನೀರು, ಬಂದಮ್ಯಾಲ ಚಿಟಿಕಿ ಉಪ್ಪು ಹಾಕಿದ ಮಜ್ಜಿಗಿ. ಬಿಪಿ ಇದ್ದವರು ಉಪ್ಪು ಬಿಟ್ಟು ಕುಡೀರಿ. ಮೂತ್ರ ಕಡು ಹಳದಿ ಬಂದ್ರ ನೀರು ಸಾಲ್ತಿಲ್ಲ ಅಂತ. ತಲಿ ಸುತ್ತು, ವಾಕರಿಕಿ, ಸ್ನಾಯು ಸೆಳೆತ ಬಂದ್ರ ಅಲ್ಲೇ ನಿಲ್ಲಿಸಿ ನೆರಳಿಗೆ ಹೋಗಿ ಕುತಿಗಿ, ಕಂಕುಳಕ್ಕ ಒದ್ದಿ ಬಟ್ಟಿ ಇಡ್ರಿ. ಮಾತು ತೊದಲಿದ್ರ, ದಿಕ್ಕು ತಿಳೀದಂಗ ಆದ್ರ 108ಕ್ಕ ಫೋನ್ ಮಾಡೋದೇ, ಕಾಯಬ್ಯಾಡ್ರಿ.

ಇನ್ನ ಒಂದೂವರಿಗೆ ಮನಿಗೆ ಬಂದು ಉಂಡವರು ಎರಡು ತಾಸು ಮಲಗ್ತಾರ, ಅದು ರಾತ್ರಿ ನಿದ್ದಿ ಕೆಡಸ್ತದ. ಉಂಡು ಹತ್ತು ನಿಮಿಷ ಮನ್ಯಾಗೇ ತಿರುಗಾಡಿ, 20 ನಿಮಿಷ ಅಲಾರಾಂ ಇಟ್ಟು ಮಲಗ್ರಿ. ಖಾಸಗಿ ಆಫೀಸಿನವರಿಗೆ ಊಟದ ನಂತರದ ನಡಿಗಿ ಕಾರಿಡಾರಿನಾಗೇ ಆಗಬೇಕು.

ಲೆಕ್ಕಪತ್ರ_ಕಲಬುರಗಿ:

ಭಾಳ ಉಪಕಾರ ಆಯ್ತು. ಒಂದು ಮಾತು. ಸೀರಿ ಉಟ್ಟು ಬರೋ ಹೆಣ್ಮಕ್ಕಳು ಅದಾರ, ಕೆಲವರಿಗೆ ಮೊಣಕಾಲು ನೋವು, ಮೆಟ್ಟಲಾ ಹತ್ತೋದು ಆಗಲ್ಲ. ಕುರ್ಚಿ ಹತ್ರಾನೇ ಮಾಡೋದು ಏನರೆ ಅದೇನು?

ಫಿಸಿಯೋ_ಬೀದರ್:

ಇದೆ, ಸೀರೆಯಲ್ಲೇ ಮಾಡಬಹುದು. ಕೂತು ಏಳುವುದು. ಗಾಲಿ ಕುರ್ಚಿ ಬೇಡ, ಜಾರುತ್ತದೆ. ನಾಲ್ಕು ಕಾಲಿನ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು ಅದರ ಅಂಚಿಗೆ ಬನ್ನಿ. ಪಾದಗಳು ಸೊಂಟದಷ್ಟು ಅಗಲ, ಹಿಮ್ಮಡಿ ಮೊಣಕಾಲಿಗಿಂತ ತುಸು ಹಿಂದೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಿ, ಇಳಿಯುವಾಗ ಮೂರು ಎಣಿಸುತ್ತ ನಿಧಾನ ಕೂರಿ. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಎಂಟು ಸಲ, ಸುಧಾರಿಸಿಕೊಂಡು ಇನ್ನೊಮ್ಮೆ ಎಂಟು. ಏಳುವಾಗ ಮೊಣಕಾಲುಗಳು ಒಳಗೆ ವಾಲಿದರೆ ನೋವು ಹೆಚ್ಚಬಹುದು, ಅವು ಎರಡನೇ ಕಾಲ್ಬೆರಳಿನ ನೇರಕ್ಕಿರಲಿ. ಆಗಲೂ ನೋವಾದರೆ ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ. ಮಂಡಿ ಮಡಚುವುದು ಕಡಿಮೆಯಾದಷ್ಟೂ ಭಾರ ಇಳಿಯುತ್ತದೆ. ಊದಿಕೊಂಡಿದ್ದರೆ ಮೊದಲು ತೋರಿಸಿಕೊಳ್ಳಿ.

ಜೊತೆಗೆ ಗೋಡೆಗೆ ಕೈಯೂರಿ ಹತ್ತು ದಂಡ (ಪುಷ್-ಅಪ್), ಮೇಜು ಹಿಡಿದು ಹಿಮ್ಮಡಿ ಎತ್ತುವುದು ಹದಿನೈದು. ಎಲ್ಲ ಸೇರಿ ಏಳೆಂಟು ನಿಮಿಷ. ಬಲದ ವ್ಯಾಯಾಮವೆಂದು ವಾರಕ್ಕೆರಡು ದಿನ ಮಾಡುವವರು ಎರಡು ವಾರಕ್ಕೊಮ್ಮೆ ಎರಡೆರಡು ಎಣಿಕೆ ಏರಿಸಲಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಿರುಸು ನಡಿಗೆಗೆ ಹೋಗಬಾರದು, ಸಕ್ಕರೆ ಕುಸಿಯುತ್ತದೆ. ಕೈ ನಡುಗಿ ಬೆವರು ಕಿತ್ತುಕೊಂಡರೆ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಕೂತು, ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಬೇಕು. ನಡಿಗೆಗೆ ಹೋಗುವಾಗ ಸಕ್ಕರೆ ಪೊಟ್ಟಣ ಜೇಬಿನಲ್ಲಿರಲಿ.