‘ಸಬ್‌ಟ್ರಾಪಿಕಲ್ ಸ್ಟಾರ್ಮ್’ಗೆ ‘ಉಪೋಷ್ಣವಲಯದ ಚಂಡಮಾರುತ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಹವಾಮಾನದ ಲೇಖನವೊಂದನ್ನು ಬರೆಯುತ್ತಾ ಈ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. 2021ರ ಅಕ್ಟೋಬರ್ ಕೊನೆಯಲ್ಲಿ ಉತ್ತರ ಅಟ್ಲಾಂಟಿಕ್‌ನ ನಟ್ಟನಡುವೆ ಎದ್ದ ‘ವಾಂಡಾ’ ಎಂಬ ಚಂಡಮಾರುತದ ಕಥೆ ಅದು. ಅಲ್ಲಿ ಚಂಡಮಾರುತದ ಹಂಗಾಮು ನವೆಂಬರ್ 30ಕ್ಕೆ ಮುಗಿಯುತ್ತದೆ; ಚಂಡಮಾರುತಗಳಿಗೆ ಇಡಲು ಮೊದಲೇ ಮಾಡಿಟ್ಟ ಆ ವರ್ಷದ ಹೆಸರುಗಳ ಪಟ್ಟಿಯಲ್ಲಿ ಕೊನೆಯದು ಇದರ ಪಾಲಿಗೆ ಬಂತು. ಅಮೆರಿಕದ ಈಶಾನ್ಯ ಕರಾವಳಿಯನ್ನು ಬಡಿದು ಕಡಲಿಗೆ ಸರಿದ ಶೀತಲ ಬಿರುಗಾಳಿಯೊಂದು ತೆರೆದ ಸಾಗರದಲ್ಲಿ ಮೈ ಬದಲಿಸಿಕೊಂಡು ಮೊದಲು ‘ಸಬ್‌ಟ್ರಾಪಿಕಲ್’, ಆಮೇಲೆ ‘ಟ್ರಾಪಿಕಲ್’ ಆಯಿತು.

ನಾನು ಬರೆದಿದ್ದ ವಾಕ್ಯ: ‘ಉಪೋಷ್ಣವಲಯದ ಚಂಡಮಾರುತವಾಗಿದ್ದ ವಾಂಡಾ ಉಷ್ಣವಲಯದ ಚಂಡಮಾರುತವಾಯಿತು.’ ಓದಿದ ಮಗಳು ಅಟ್ಲಾಸ್ ಬಿಡಿಸಿ, ಬೆರಳನ್ನು ಸರ್ರನೆ ಭೂಮಧ್ಯರೇಖೆಯ ಕಡೆಗೆ ಎಳೆದು, ‘ಇಲ್ಲಿಗೆ ಬಂತಾ?’ ಎಂದಳು. ಬಂದಿರಲಿಲ್ಲ. ಅದು ಆಗಲೂ ಕರ್ಕಾಟಕ ವೃತ್ತದಿಂದ ಎಷ್ಟೋ ಉತ್ತರಕ್ಕೇ ಇತ್ತು. ಬದಲಾಗಿದ್ದು ಅದರ ಒಡಲು, ಊರಲ್ಲ. ತಪ್ಪು ಮಗುವಿನದಲ್ಲ, ‘ವಲಯ’ ಎಂಬ ಮಾತಿನದು.

ಉಷ್ಣವಲಯದ್ದು ಎನ್ನುವ ಚಂಡಮಾರುತಕ್ಕೆ ಬಿಸಿ ಕಡಲೇ ಅನ್ನ. ಸಾಮಾನ್ಯವಾಗಿ ನೀರು 26.5 ಡಿಗ್ರಿ ಸೆಲ್ಸಿಯಸ್ಸಿನಷ್ಟಾದರೂ ಇರಬೇಕು. ಒಡಲು ಬೆಚ್ಚಗಿರುತ್ತದೆ, ಗುಡುಗುಮೋಡಗಳು ನಡುವನ್ನು ತಬ್ಬಿಕೊಂಡಿರುತ್ತವೆ, ಗಾಳಿಯ ರಭಸವೂ ಅಲ್ಲೇ ಹೆಚ್ಚು. ಸಬ್‌ಟ್ರಾಪಿಕಲ್ ಬಗೆಯದು ಕಡಲಿನ ಬಿಸಿಯ ಜೊತೆಗೆ ತಂಪುಗಾಳಿ-ಬಿಸಿಗಾಳಿಗಳ ನಡುವಿನ ವ್ಯತ್ಯಾಸದಿಂದಲೂ ಬಲ ಪಡೆಯುತ್ತದೆ. ಮೇಲೆ ತಣ್ಣನೆಯ ಗಾಳಿ ಇರುವುದರಿಂದ ಇನ್ನಷ್ಟು ತಂಪಾದ ನೀರಿನ ಮೇಲೂ ಹುಟ್ಟಬಲ್ಲದು. ಮೋಡಗಳೂ ಜೋರುಗಾಳಿಯೂ ನಡುವಿನಿಂದ ದೂರದಲ್ಲಿ ಹರಡಿರುತ್ತವೆ.

‘ಉಪ’ವೂ ನನ್ನನ್ನು ಕಾಡುತ್ತಿದೆ. ಉಪನದಿ, ಉಪಕಥೆ, ಉಪಾಧ್ಯಕ್ಷ ಎಂದಾಗಲೆಲ್ಲ ಕಿವಿಗೆ ಬೀಳುವುದು ಒಂದು ಮೆಟ್ಟಿಲು ಕೆಳಗಿನದು ಎಂಬ ಅರ್ಥ. ಆದರೆ ಗಾಳಿ ಗಂಟೆಗೆ 63 ಕಿ.ಮೀ. ಮುಟ್ಟಿದರೆ ಅಟ್ಲಾಂಟಿಕ್‌ನಲ್ಲಿ ಎರಡೂ ಬಗೆಗೂ ಒಂದೇ ಪಟ್ಟಿಯಿಂದ ಹೆಸರು. 2002ರಿಂದ ಹಾಗೇ ನಡೆದಿದೆ. ಹಡಗಿನವನಿಗೆ ಎರಡೂ ಅಪಾಯವೇ.

ಕಿತ್ತಳೆ ಬೆಳೆಯುವ ನಾಡನ್ನು ‘ಉಪೋಷ್ಣವಲಯ’ ಎನ್ನಲು ನನ್ನ ತಕರಾರಿಲ್ಲ, ಅದು ಜಾಗದ ಹೆಸರು. ಬಿರುಗಾಳಿಗೆ ಮಾತ್ರ ಒಡಲನ್ನು ಹೇಳುವ ಪದ ಬೇಕು. ‘ಮಿಶ್ರ ಚಂಡಮಾರುತ’ ಎಂದು ಬರೆದು ಹೊಡೆದುಹಾಕಿದೆ; ಏನು ಬೆರೆತಿದೆ ಎಂದೇ ತಿಳಿಯುವುದಿಲ್ಲ. ಅಮರಕೋಶದಲ್ಲಿ ಉಗುರುಬೆಚ್ಚಗಿನದಕ್ಕೆ ಕೋಷ್ಣ, ಕವೋಷ್ಣ, ಮಂದೋಷ್ಣ, ಕದುಷ್ಣ ಎಂದು ನಾಲ್ಕು ಪದಗಳಿವೆ. ‘ಕವೋಷ್ಣ ಚಂಡಮಾರುತ’ ಅರ್ಥಕ್ಕೆ ಹತ್ತಿರ, ಆದರೆ ಮಕ್ಕಳ ನಾಲಿಗೆಗೆ ದೂರ. ಸದ್ಯಕ್ಕೆ ನನ್ನ ಮನಸ್ಸು ‘ನಸುಬಿಸಿಯೊಡಲ ಚಂಡಮಾರುತ’ದ ಕಡೆಗಿದೆ. ಆಗ ಟ್ರಾಪಿಕಲ್ ‘ಬಿಸಿಯೊಡಲ’ದ್ದಾಗುತ್ತದೆ, ವಾಂಡಾ ಹುಟ್ಟಿಬಂದ ಶೀತಲ ಬಿರುಗಾಳಿ ‘ತಣ್ಣೊಡಲ’ದ್ದು. ವಾಕ್ಯವೂ ನೆಟ್ಟಗಾಗುತ್ತದೆ: ‘ನಸುಬಿಸಿಯೊಡಲ ವಾಂಡಾ ಬಿಸಿಯೊಡಲ ಚಂಡಮಾರುತವಾಯಿತು.’

ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆಯುತ್ತದೆಯೇ? ಕಡಲಿಗಿಳಿಯುವವರ ನಡುವೆ ಬೆಳೆದವರು ಬಳಗದಲ್ಲಿದ್ದರೆ ಇನ್ನೊಂದು ಕೇಳಿಕೆ: ‘ತೂಫಾನು’ ಬಿಟ್ಟು, ಚಳಿಗಾಳಿ ಬೆರೆತು ಬರುವ ಬಿರುಗಾಳಿಗೆ ನಿಮ್ಮ ಮನೆಮಾತಿನಲ್ಲಿ ಬೇರೆ ಹೆಸರಿದೆಯೇ?