ಪ್ಲಿಕರ್ಸ್ ಕಾರ್ಡ್ ಬಳಸುವ ಶಿಕ್ಷಕರು ಇದ್ದೀರಾ? ಸಹಾಯ ಬೇಕು

ನಮಸ್ಕಾರ. 8ನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ, ಒಂದೇ ರೂಮಲ್ಲಿ 52 ಮಕ್ಕಳು. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಅದೇ ನಾಲ್ಕು ಕೈ ಮೇಲೇಳುತ್ತಿದ್ದವು, ಹಿಂದೆ ಬರೀ ಗಲಾಟೆ. ಅದಕ್ಕೇ ಪ್ಲಿಕರ್ಸ್ ಅನ್ನೋ ಫೋನ್ ಆ್ಯಪ್ ಶುರು ಮಾಡಿದೆ, ಪ್ರತಿ ಮಗುವಿಗೂ ಕೋಡ್ ಪ್ರಿಂಟ್ ಮಾಡಿದ ಒಂದು ಕಾಗದದ ಕಾರ್ಡ್. ಮಕ್ಕಳಿಗೆ ಫೋನ್ ಬೇಡ, ಎ, ಬಿ, ಸಿ, ಡಿಯಲ್ಲಿ ತಮ್ಮ ಉತ್ತರ ಮೇಲೆ ಬರುವ ಹಾಗೆ ಕಾರ್ಡ್ ತಿರುಗಿಸಿ ಹಿಡಿದರೆ ನನ್ನ ಫೋನಿನ ಕ್ಯಾಮೆರಾ ಓದಿಕೊಳ್ಳುತ್ತದೆ. ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಮೊನ್ನೆ ಎರಡೂ ಕೈಯಲ್ಲಿ ಕಾರ್ಡ್ ಎತ್ತಿ ಹಿಡಿದಿದ್ದಳು, ತುಂಬಾ ಖುಷಿಯಾಯಿತು.

ಈಗ ತೊಂದರೆ ಏನಂದ್ರೆ, ಹರಿಯಬಾರದು ಅಂತ ಲ್ಯಾಮಿನೇಷನ್ ಮಾಡಿಸಿದೆ. ಕಿಟಕಿಯ ಬೆಳಕು ಬಿದ್ದು ಕಾರ್ಡ್ ಹೊಳೆಯುತ್ತದೆ, ಫೋನ್ ಓದುವುದೇ ಇಲ್ಲ. ತಡವಾದಷ್ಟೂ ಮತ್ತೆ ಗಲಾಟೆ ಜಾಸ್ತಿ. ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದವರು ಇದ್ದೀರಾ, ಅಥವಾ ಸುಮ್ನೆ ರಟ್ಟಿಗೆ ಅಂಟಿಸಿದರೆ ಸಾಕಾ? ಸ್ಕ್ಯಾನ್ ಮುಗಿಯುವವರೆಗೆ ಮಕ್ಕಳನ್ನು ಹೇಗೆ ಹಿಡಿದಿಡುತ್ತೀರಿ? ದಯವಿಟ್ಟು ಹೇಳಿ.