ಸಹಾಯ ಬೇಕು: ಕೊಳವೆಬಾವಿಯ ಗಡಸು ನೀರಿಗೆ ಯಾವ ಸೋಲಾರ್ ವಾಟರ್ ಹೀಟರ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ಕೋಲಾರದ ನಮ್ಮ ಮನೆಯಲ್ಲಿ ಐದು ಜನರಿದ್ದು, ತಾರಸಿಯ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಬೇಕೆಂದಿದ್ದೇವೆ. ದಕ್ಷಿಣದ ಬಿಸಿಲಿಗೆ ಅಡ್ಡಿಯೇನೂ ಇಲ್ಲ. ತೊಂದರೆಯಿರುವುದು ನೀರಿನದು. ಕೊಳವೆಬಾವಿಯ ನೀರು ಎಷ್ಟು ಗಡಸೆಂದರೆ, ನಲ್ಲಿಗಳ ಬಾಯಲ್ಲಿ ಬಿಳಿ ಸುಣ್ಣ ಕಟ್ಟಿದೆ, ಗೀಸರಿನ ಕಾಯಿಲ್ ಬಿಚ್ಚಿ ನೋಡಿದರೆ ಅದರ ಮೇಲೂ ದಪ್ಪನೆಯ ಪದರ ಕೂತಿದೆ.

ಒಬ್ಬ ಮಾರಾಟಗಾರರು, ಚಪ್ಪಟೆ ಪ್ಯಾನೆಲ್ಲಿನ ಸಣ್ಣ ತಾಮ್ರದ ಪೈಪುಗಳು ಸುಣ್ಣದಿಂದ ಬೇಗ ಕಟ್ಟಿಕೊಳ್ಳುವುದರಿಂದ ಗಾಜಿನ ಕೊಳವೆಯ ಇಟಿಸಿ ಮಾದರಿಯೇ ಲೇಸೆಂದರು. ಇನ್ನೊಬ್ಬರು, ಹೀಟ್ ಎಕ್ಸ್‌ಚೇಂಜರ್ ಇರುವ ಪ್ಯಾನೆಲ್ಲಿನೊಳಗೆ ಬೇರೆಯದೇ ದ್ರವ ಸುತ್ತಿ, ಅದರ ಬಿಸಿಯಷ್ಟೇ ಟ್ಯಾಂಕಿನ ನೀರಿಗೆ ದಾಟುವುದರಿಂದ ಆ ಭಯವಿಲ್ಲವೆಂದರು. ಬೆಲೆ ಮಾತ್ರ ಹೆಚ್ಚು. ಇದಿಷ್ಟೇ ಆಗಿದ್ದರೆ ಇಟಿಸಿಯನ್ನೇ ಆರಿಸುತ್ತಿದ್ದೆ. ಆದರೆ ನಮ್ಮ ಓವರ್‌ಹೆಡ್ ಟ್ಯಾಂಕ್ ತಾರಸಿಯ ಮೇಲೆ ಗಿಡ್ಡ ಕಟ್ಟೆಯ ಮೇಲಿದ್ದು, ಅದರ ತಳ ಸೋಲಾರ್ ಟ್ಯಾಂಕಿಗಿಂತ ಕೆಳಗಾಗುತ್ತದೆ. ಹಾಗಾಗಿ ತಣ್ಣೀರು ತಾನಾಗಿ ಹರಿದು ತುಂಬುವುದಿಲ್ಲ. ಪ್ರೆಷರ್ ಪಂಪ್ ಜೋಡಿಸೋಣವೆಂದರೆ ಸಾಮಾನ್ಯ ಇಟಿಸಿ ಆ ಒತ್ತಡವನ್ನು ತಡೆಯುವುದಿಲ್ಲ ಎನ್ನುತ್ತಾರೆ.

ಇಂಥದೇ ನೀರಿರುವ ಕಡೆ ಸೋಲಾರ್ ಬಳಸುತ್ತಿರುವವರು ದಯವಿಟ್ಟು ತಿಳಿಸಿ: ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಓವರ್‌ಹೆಡ್ ಟ್ಯಾಂಕನ್ನು ಎತ್ತರಿಸಿ ಇಟಿಸಿ ಹಾಕಿಸುವುದು ಒಳ್ಳೆಯದೇ, ಅಥವಾ ಹೆಚ್ಚು ಹಣ ಕೊಟ್ಟು, ಒತ್ತಡ ತಡೆಯುವ ಟ್ಯಾಂಕಿನ ಹೀಟ್ ಎಕ್ಸ್‌ಚೇಂಜರ್ ಮಾದರಿಯನ್ನೇ ಕೊಳ್ಳಬೇಕೇ?